ಕೊಯ್ಯದ ಬೆಳೆಗೆ ಕೂಲಿ

ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಮನೆಯ ಕಕ್ಕಸಿಗೂ ಹೊಲದ ಪೈರಿಗೂ ನೇರ ನಂಟಿದೆ. 2004ರಲ್ಲಿ ಅಲ್ಲಿನ ಶಾಸನಸಭೆ ಮನೆಯೊಂದಕ್ಕೆ ವರ್ಷಕ್ಕೆ 30 ಡಾಲರ್ ಶುಲ್ಕ ಹಾಕಿತು. 2012ರಲ್ಲಿ ಅದನ್ನು ಬಹುತೇಕ ಕಡೆ 60ಕ್ಕೆ ಏರಿಸಿತು. ಜನ ಅದನ್ನು 'ಫ್ಲಶ್ ಟ್ಯಾಕ್ಸ್' ಎಂದು ಕರೆದು ಸಿಟ್ಟು ತೀರಿಸಿಕೊಂಡರು. ಒಳಚರಂಡಿ ಇರುವ ಮನೆಗಳ ದುಡ್ಡು ಕೊಳಚೆ ನೀರು ಶುದ್ಧಮಾಡುವ ಘಟಕಗಳಿಗೆ ಹೋಗುತ್ತದೆ. ಹಿತ್ತಲಲ್ಲಿ ಸೆಪ್ಟಿಕ್ ಟ್ಯಾಂಕ್ ಇರುವವರು ಕಟ್ಟಿದ ಹಣದಲ್ಲಿ ಶೇ. 40ರಷ್ಟು ಮಾತ್ರ ರೈತರ ಕೈಸೇರುತ್ತದೆ. ಮೆಕ್ಕೆಜೋಳ, ಸೋಯಾ ಕಟಾವಾಗಿ ಬರಿದಾದ ಹೊಲದಲ್ಲಿ ಚಳಿಗಾಲ ಪೂರ್ತಿ ರೈ, ಗೋಧಿ, ಬಾರ್ಲಿಯಂಥ ಪೈರನ್ನು ನಿಲ್ಲಿಸಿಕೊಳ್ಳಲಿ ಎಂದು ಕೊಡುವ ಹಣ ಅದು. ಬಿತ್ತಬೇಕು, ಬೆಳೆಸಬೇಕು, ವಸಂತ ಬಂದಾಗ ಸಾಯಿಸಬೇಕು. ಪೂರ್ತಿ ಹಣ ಬೇಕಾದರೆ ಕಾಳಿಗಾಗಿ ಕೊಯ್ಯುವಂತಿಲ್ಲ.

ಕೊಯ್ಯದ ಬೆಳೆಗೆ ಕೂಲಿ ಎಂದರೆ ನಮ್ಮ ಬಯಲುಸೀಮೆಯ ರೈತ ನಕ್ಕಾನು. ಬಿತ್ತುವುದೇ ಒಕ್ಕುವುದಕ್ಕೆ ಎಂದು ತಿಳಿದವರು ನಾವು. ಆದರೆ ಜಗತ್ತಿನ ಕೃಷಿ ಇಲಾಖೆಗಳು ನೆಲ ಮುಚ್ಚಲೆಂದೇ ಬೆಳೆಸುವ ಇಂಥ ಹೊದಿಕೆ ಬೆಳೆಯ ಬಗ್ಗೆ ಆಡಿರುವ ಮಾತುಗಳಲ್ಲಿ ಈ ಮೇರಿಲ್ಯಾಂಡಿನ ಏರ್ಪಾಟೇ ಹೆಚ್ಚು ಪ್ರಾಮಾಣಿಕವಾದದ್ದು ಎಂದು ನನಗೆ ತೋರುತ್ತದೆ. ಉಳಿದ ಕಡೆ ರೈತನಿಗೆ ಹೇಳುವುದು 'ಇದರಿಂದ ನಿನಗೇ ಲಾಭ' ಎಂದು. ಅದು ಅರ್ಧ ಸತ್ಯ. ಲಾಭದ ಬಹುಪಾಲು ಹರಿಯುವ ನೀರಿನ ಜೊತೆ ಕೆಳಗೆ ಹೋಗುತ್ತದೆ, ಖರ್ಚು ಮೇಲಿನ ಹೊಲದಲ್ಲಿ ಉಳಿಯುತ್ತದೆ.

ಮೊದಲು ಹೊಲದ ಮಾತು. ಅಮೆರಿಕದ ನಡುನಾಡಿನ ಅಯೋವ ರಾಜ್ಯವನ್ನೇ ನೋಡೋಣ. ಅಲ್ಲಿ ಸುಮಾರು 2.3 ಕೋಟಿ ಎಕರೆಯಲ್ಲಿ ಎರಡೇ ಬೆಳೆ: ಮೆಕ್ಕೆಜೋಳ ಮತ್ತು ಸೋಯಾ. ಏಪ್ರಿಲ್ ಕೊನೆ ಅಥವಾ ಮೇ ತಿಂಗಳಲ್ಲಿ ಬಿತ್ತನೆ, ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಕಟಾವು. ಪೈರು ಹಸಿರಾಗಿ ನಿಂತು, ಬೇರಿನಿಂದ ನೀರು ಹೀರುವ ಕಾಲ ವರ್ಷದಲ್ಲಿ ನಾಲ್ಕೈದು ತಿಂಗಳು ಮಾತ್ರ. ಉಳಿದ ಏಳು ತಿಂಗಳು ಆ ನೆಲದಲ್ಲಿ ಜೀವಂತ ಬೇರು ಒಂದೂ ಇರುವುದಿಲ್ಲ.

ಮಣ್ಣು ಮಾತ್ರ ಆ ಏಳು ತಿಂಗಳೂ ಸುಮ್ಮನೆ ಮಲಗಿರುವುದಿಲ್ಲ. ಹುಲ್ಲುಗಾವಲು ಸಾವಿರಾರು ವರ್ಷ ಕೂಡಿಟ್ಟ ಸಾವಯವ ಅಂಶ ತುಂಬಿದ ಕಪ್ಪು ಮಣ್ಣು ಅದು. ಬೆಚ್ಚಗಾದಾಗ, ತೇವವಿದ್ದಾಗ, ಅದರೊಳಗಿನ ಸೂಕ್ಷ್ಮಜೀವಿಗಳು ಸಾವಯವ ಸಾರಜನಕವನ್ನು ನೈಟ್ರೇಟ್ ಆಗಿ ಬಿಡುಗಡೆ ಮಾಡುತ್ತಲೇ ಇರುತ್ತವೆ. ಅಕ್ಟೋಬರಿನಲ್ಲಿ ಬೆಳೆ ಹೋದ ಮೇಲೂ ಮಾಡುತ್ತವೆ, ಏಪ್ರಿಲಿನಲ್ಲಿ ಬೆಳೆ ಬರುವ ಮೊದಲೂ ಮಾಡುತ್ತವೆ. ನೈಟ್ರೇಟ್ ನೀರಿನಲ್ಲಿ ಸಕ್ಕರೆಯಂತೆ ಕರಗುವ ವಸ್ತು, ಮಣ್ಣಿನ ಕಣಕ್ಕೆ ಅಂಟಿಕೊಳ್ಳುವುದಿಲ್ಲ. ಹೀರಿಕೊಳ್ಳಲು ಬೇರಿಲ್ಲದಿದ್ದರೆ ವಸಂತದ ಮಳೆಯೊಂದಿಗೆ ಕೆಳಕ್ಕೆ ಇಳಿಯುತ್ತದೆ. ಅಯೋವದ ಜೌಗು ನೆಲವನ್ನು ಉಳುವಂತೆ ಮಾಡಲು ಹತ್ತೊಂಬತ್ತನೆಯ ಶತಮಾನದಿಂದಲೇ ಹೊಲದಡಿಯಲ್ಲಿ ಬಸಿಕೊಳವೆಗಳನ್ನು ಹೂತಿದ್ದಾರೆ. ಇಳಿದ ನೈಟ್ರೇಟ್ ಆ ಕೊಳವೆ ಹಿಡಿದು ಹಳ್ಳಕ್ಕೆ, ಹಳ್ಳದಿಂದ ರಕೂನ್ ನದಿಗೆ, ಕೊನೆಗೆ ಮಿಸಿಸಿಪ್ಪಿಗೆ ಹೋಗುತ್ತದೆ.

ಈ ಮಾತನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ನದಿ ಕೆಟ್ಟಿತು ಎಂದ ಕೂಡಲೇ ನಾವು 'ರೈತ ಗೊಬ್ಬರ ಸುರಿದ' ಎನ್ನುತ್ತೇವೆ. ಸುರಿದದ್ದು ನಿಜ, ಅದು ಸಮಸ್ಯೆಯನ್ನು ಹೆಚ್ಚಿಸಿದ್ದೂ ನಿಜ. ಆದರೆ ಗೊಬ್ಬರವನ್ನು ಅಳೆದು ತೂಗಿ ಹಾಕಿದ ಹೊಲದಿಂದಲೂ ನೈಟ್ರೇಟ್ ಸೋರುತ್ತದೆ. ದೊಡ್ಡ ತಪ್ಪು ಪಂಚಾಂಗದಲ್ಲಿದೆ: ಮಣ್ಣು ಕೊಡುವ ಕಾಲ ಒಂದು, ಬೆಳೆ ಉಣ್ಣುವ ಕಾಲ ಇನ್ನೊಂದು. ಆ ನಡುವಿನ ಸಂದನ್ನು ತುಂಬಲು ಬಿತ್ತುವುದೇ ಚಳಿಗಾಲದ ರೈ.

ರೈ ಗೋಧಿಯ ದಾಯಾದಿ, ಒರಟು ಜಾತಿ. ಸೊನ್ನೆಗಿಂತ ಒಂದೆರಡು ಡಿಗ್ರಿ ಹೆಚ್ಚು ಬಿಸಿಯಿದ್ದರೂ ಮೊಳೆಯುತ್ತದೆ, ಹಿಮದಡಿಯಲ್ಲಿ ಜೀವ ಹಿಡಿದುಕೊಂಡಿರುತ್ತದೆ, ಹಿಮ ಕರಗಿದ್ದೇ ತಡ ಎದ್ದು ನಿಲ್ಲುತ್ತದೆ. ಅಯೋವ ರಾಜ್ಯ 2013ರಲ್ಲಿ ಹೊರತಂದ ಪೋಷಕಾಂಶ ತಗ್ಗಿಸುವ ಯೋಜನೆಯ ದಾಖಲೆ, ರೈ ಹೊದಿಕೆಯಿಂದ ಹೊಲದ ನೈಟ್ರೇಟ್ ಸೋರಿಕೆ ಸರಾಸರಿ ಶೇ. 31ರಷ್ಟು ಕಡಿಮೆಯಾಗುತ್ತದೆ ಎನ್ನುತ್ತದೆ. ರಾಜ್ಯ ತನಗೆ ಹಾಕಿಕೊಂಡ ಗುರಿ ಶೇ. 45. ಒಂದೇ ಪದ್ಧತಿಯಿಂದ ಇಷ್ಟು ದೂರ ಸಾಗುವುದು ಸಣ್ಣ ಮಾತಲ್ಲ.

ಅದೇ ದಾಖಲೆಯಲ್ಲಿ, ಅದೇ ಸಾಲಿನಲ್ಲಿ, ಇನ್ನೊಂದು ಅಂಕಿಯಿದೆ: ರೈ ನಂತರ ಬಿತ್ತಿದ ಮೆಕ್ಕೆಜೋಳದ ಇಳುವರಿ ಸರಾಸರಿ ಶೇ. 6ರಷ್ಟು ಕುಸಿತ. ಸಭೆಗಳಲ್ಲಿ ಮೊದಲ ಅಂಕಿಯನ್ನು ಗಟ್ಟಿಯಾಗಿ ಓದಿ ಎರಡನೆಯದನ್ನು ನುಂಗುವುದು ವಾಡಿಕೆಯಾಯಿತು. ಹತ್ತು ವರ್ಷ ಕಳೆದು, 2023ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ ಉಪಗ್ರಹ ಚಿತ್ರಗಳ ಮೂಲಕ ಆರು ರಾಜ್ಯಗಳ ತೊಂಬತ್ತು ಸಾವಿರಕ್ಕೂ ಹೆಚ್ಚು ಹೊಲಗಳನ್ನು ಪರೀಕ್ಷಿಸಿತು. ಮೂರು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಹೊದಿಕೆ ಬೆಳೆ ಬೆಳೆದ ಕಡೆ ಮೆಕ್ಕೆಜೋಳದ ಇಳುವರಿ ಶೇ. 5.5, ಸೋಯಾದ್ದು ಶೇ. 3.5 ಕಡಿಮೆಯಿತ್ತು. ಪ್ರಯೋಗ ತಾಕಿನಲ್ಲಿ ಕಂಡದ್ದೇ ರೈತರ ಹೊಲದಲ್ಲೂ ಕಂಡಿತು. ಇದರಲ್ಲಿ ಕುಟುಕುವ ವಿಚಾರವೆಂದರೆ, ಮೆಕ್ಕೆಜೋಳದ ನಷ್ಟ ಹೆಚ್ಚಿದ್ದದ್ದು ಒಳ್ಳೆಯ ಮಣ್ಣಿನ ಹೊಲಗಳಲ್ಲಿ. ಸೋರಿಕೆಯೂ ದೊಡ್ಡದು, ಮಣ್ಣೂ ಫಲವತ್ತು ಎಂಬಂಥ ಜಾಗದ ರೈತನಿಗೇ ಹೆಚ್ಚು ಪೆಟ್ಟು.

ಯಾಕೆ ಹೀಗಾಗುತ್ತದೆ ಎಂಬುದು ರಹಸ್ಯವೇನಲ್ಲ. ವಸಂತದಲ್ಲಿ ರೈ ಮೊದಲು ಕುಡಿಯುವುದು ಮಣ್ಣಿನ ತೇವವನ್ನು. ಆಮೇಲೆ ಮಳೆ ಬಂದರೆ ಸರಿ, ಬಾರದಿದ್ದರೆ ಮೆಕ್ಕೆಜೋಳದ ಮೊಳಕೆ ಬಾಯಾರುತ್ತದೆ. ಸತ್ತ ರೈ ಹುಲ್ಲಿನಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ಕೆಲವು ವಾರ ಹಿಡಿದಿಟ್ಟುಕೊಳ್ಳುತ್ತವೆ, ಅದೇ ವಾರಗಳಲ್ಲಿ ಮೆಕ್ಕೆಜೋಳ ಹಸಿದಿರುತ್ತದೆ. ಸಾಯುತ್ತಿರುವ ರೈ ಬೇರಿನ ಶಿಲೀಂಧ್ರ ಎಳೆ ಮೆಕ್ಕೆಜೋಳಕ್ಕೆ ದಾಟುವುದೂ ಉಂಟು. ಅದಕ್ಕೇ ಬಿತ್ತನೆಗೆ ಹತ್ತು ಹದಿನಾಲ್ಕು ದಿನ ಮೊದಲೇ ರೈ ಸಾಯಿಸಿ ಎನ್ನುತ್ತಾರೆ. ಆ ಹತ್ತು ದಿನದಲ್ಲಿ ಮಳೆ ಹಿಡಿದುಕೊಂಡರೆ ಸಿಂಪಡಣೆಯ ಯಂತ್ರ ಹೊಲಕ್ಕೆ ಇಳಿಯುವುದಿಲ್ಲ, ರೈ ಸೊಂಟದೆತ್ತರ ಬೆಳೆಯುತ್ತದೆ, ಬಿತ್ತನೆಯ ಹದ ತಪ್ಪುತ್ತದೆ. ಹದ ತಪ್ಪಿದ ಬೇಸಾಯ ಏನೆಂದು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಒಂದು ವಿಪರ್ಯಾಸವನ್ನು ಹೇಳಿಯೇ ಮುಂದೆ ಹೋಗಬೇಕು. ನದಿ ಕಾಯುವ ಈ ಬೆಳೆಯನ್ನು ಅಮೆರಿಕದ ಹೆಚ್ಚಿನ ರೈತರು ಸಾಯಿಸುವುದು ಗ್ಲೈಫೋಸೇಟ್ ಎಂಬ ಕಳೆನಾಶಕದಿಂದ. ರೋಲರಿನಿಂದ ಕಾಂಡ ನಜ್ಜಿ ಮಲಗಿಸುವ ದಾರಿಯೂ ಇದೆ, ಸಾವಯವ ಕೃಷಿಕರು ಅದನ್ನೇ ನೆಚ್ಚಿದ್ದಾರೆ. ಆದರೆ ಅದಕ್ಕೆ ರೈ ಹೂ ಬಿಡುವವರೆಗೆ ಕಾಯಬೇಕು, ಅಷ್ಟರಲ್ಲಿ ಮೆಕ್ಕೆಜೋಳದ ಕಾಲ ಜಾರಿರುತ್ತದೆ.

ಹಾಗಾದರೆ ರೈತನಿಗೆ ಏನೂ ದಕ್ಕುವುದಿಲ್ಲವೇ? ದಕ್ಕುತ್ತದೆ. ಸೋಯಾಕ್ಕೆ ಮೊದಲು ಬೆಳೆದ ರೈ ದಪ್ಪ ಹುಲ್ಲಿನ ಹಾಸಾಗಿ ಮಲಗಿ ಕಳೆಗಳನ್ನು ಅಡಗಿಸುತ್ತದೆ. ಕಳೆನಾಶಕಗಳಿಗೆ ಬಗ್ಗದ ದಂಟಿನ ಜಾತಿಯ ಕಳೆಗಳು ಹಬ್ಬಿರುವ ಆ ಸೀಮೆಯಲ್ಲಿ ಇದು ದೊಡ್ಡ ಉಪಕಾರ. ದನ ಇರುವವನಿಗೆ ವಸಂತದ ಮೊದಲ ಮೇವು. ಇಳಿಜಾರಿನ ಹೊಲದಲ್ಲಿ ಮೇಲ್ಮಣ್ಣು ಉಳಿಯುತ್ತದೆ. ವರ್ಷಾನುಗಟ್ಟಲೆ ಬಿಡದೆ ಮಾಡಿದವರು ಮಣ್ಣು ಮೆದುವಾಯಿತು, ನೀರು ಬೇಗ ಇಂಗುತ್ತದೆ ಎನ್ನುತ್ತಾರೆ, ಅವರ ಮಾತನ್ನು ನಾನು ನಂಬುತ್ತೇನೆ. ಮಣ್ಣಲ್ಲಿ ಇಂಗಾಲ ಹೂತು ಅದನ್ನೇ ಕಂಪನಿಗಳಿಗೆ ಮಾರಿ ದುಡ್ಡು ಮಾಡಬಹುದು ಎಂಬ ಮಾತನ್ನು ಮಾತ್ರ ಅಷ್ಟು ಸುಲಭವಾಗಿ ನಂಬಲಾರೆ. ಮಣ್ಣಿನ ಇಂಗಾಲ ಏರುವುದು ಆಮೆ ನಡಿಗೆಯಲ್ಲಿ, ಒಂದೆರಡು ಉಳುಮೆಗೆ ಇಳಿಯುವುದು ಮೊಲದ ಓಟದಲ್ಲಿ.

ಈ ಲಾಭಗಳೆಲ್ಲ ನಿಧಾನದವು. ನಿಧಾನದ ಲಾಭಕ್ಕೆ ನೆಲ ತನ್ನದಾಗಿರಬೇಕು. ಅಯೋವದ ಕೃಷಿಭೂಮಿಯಲ್ಲಿ ಅರ್ಧಕ್ಕಿಂತ ಹೆಚ್ಚು ಗುತ್ತಿಗೆಯದು. ಮುಂದಿನ ವರ್ಷ ಹೊಲ ಕೈಯಲ್ಲಿ ಇರುತ್ತದೋ ಇಲ್ಲವೋ ತಿಳಿಯದ ಗುತ್ತಿಗೆದಾರ, ಐದು ವರ್ಷದ ನಂತರ ಮೆದುವಾಗುವ ಮಣ್ಣಿಗೆ ಇವತ್ತು ಎಕರೆಗೆ ಮೂವತ್ತು ನಲವತ್ತು ಡಾಲರ್ ಹಾಕಿ ಬೀಜ ಬಿತ್ತಬೇಕೆನ್ನುವುದು ಯಾವ ನ್ಯಾಯ? ನಮ್ಮಲ್ಲೂ ಲಾವಣಿ ಹಾಕಿಕೊಂಡವನು ಹೊಲಕ್ಕೆ ಕೆರೆಗೋಡು ಹೊಡೆಯುವುದಿಲ್ಲ. ಅದು ಅವನ ಸೋಮಾರಿತನವಲ್ಲ, ಲೆಕ್ಕ.

ರೈತರು ಹಾಕಿದ ಲೆಕ್ಕ ಸರ್ಕಾರಿ ಗಣತಿಯಲ್ಲಿ ಕಾಣುತ್ತದೆ. ಇಡೀ ಅಮೆರಿಕದಲ್ಲಿ ಹೊದಿಕೆ ಬೆಳೆಯ ವಿಸ್ತೀರ್ಣ 2012ರಲ್ಲಿ ಸುಮಾರು 1.03 ಕೋಟಿ ಎಕರೆ, 2017ರಲ್ಲಿ 1.54 ಕೋಟಿ, 2022ರಲ್ಲಿ 1.8 ಕೋಟಿ. ಮೊದಲ ಐದು ವರ್ಷದ ಜಿಗಿತ ಎರಡನೆಯ ಐದು ವರ್ಷದಲ್ಲಿ ಕುಂಟಿತು. ಹತ್ತು ವರ್ಷದ ಪ್ರಚಾರ, ಕ್ಷೇತ್ರೋತ್ಸವ, ಭಾಷಣಗಳ ನಂತರವೂ ಸಾಗುವಳಿ ಭೂಮಿಯ ಶೇ. 5ರ ಗಡಿ ದಾಟಿಲ್ಲ. ಮೇರಿಲ್ಯಾಂಡಿನಲ್ಲಿ ಮಾತ್ರ ಕಾಲುಭಾಗಕ್ಕಿಂತ ಹೆಚ್ಚು ಹೊಲ ಚಳಿಗಾಲದಲ್ಲಿ ಹಸಿರು. ಅಲ್ಲಿನ ರೈತರು ಅಯೋವದವರಿಗಿಂತ ಪುಣ್ಯವಂತರು ಎಂದೇ? ಅಲ್ಲ. ಅಯೋವ 2017ರಿಂದ ಹೊದಿಕೆ ಬೆಳೆಯ ಎಕರೆಗೆ ಬೆಳೆವಿಮೆಯ ಕಂತಿನಲ್ಲಿ 5 ಡಾಲರ್ ರಿಯಾಯಿತಿ ಕೊಡುತ್ತಿದೆ. ಮೇರಿಲ್ಯಾಂಡಿನಲ್ಲಿ ಮೂಲ ದರವೇ 45 ಡಾಲರ್ ಇದ್ದ ವರ್ಷಗಳಿವೆ, ಬೇಗ ಬಿತ್ತಿದವರಿಗೆ ಅದರ ಮೇಲೆ ಬೋನಸ್. ಬೀಜದ ಖರ್ಚೂ ಹುಟ್ಟದ ರಿಯಾಯಿತಿಗೂ ಕೂಲಿಗೂ ಇರುವ ಅಂತರ ಇದು.

ಆ 'ಬೇಗ ಬಿತ್ತಿದವರಿಗೆ' ಎಂಬ ಷರತ್ತಿನಲ್ಲಿ ಬುದ್ಧಿವಂತಿಕೆಯಿದೆ. ಸೆಪ್ಟೆಂಬರಿನಲ್ಲಿ ಬಿತ್ತಿದ ರೈ ಚಳಿ ಬೀಳುವ ಮೊದಲೇ ಬೇರು ಇಳಿಸಿ ಸಾರಜನಕ ಹಿಡಿಯುತ್ತದೆ. ನವೆಂಬರಿನಲ್ಲಿ ಬಿತ್ತಿದ್ದು ಹೆಸರಿಗೆ ಬಿತ್ತನೆ, ಫೋಟೋಕ್ಕೆ ಹಸಿರು. ಎಕರೆ ಲೆಕ್ಕದಲ್ಲಿ ಎರಡೂ ಒಂದೇ, ನದಿಯ ಲೆಕ್ಕದಲ್ಲಿ ಅಲ್ಲ. ಬರೀ ಎಕರೆ ಎಣಿಸಿ ದುಡ್ಡು ಹಂಚಿದರೆ ಎಕರೆಗಳು ಸಿಗುತ್ತವೆ, ನದಿ ಹಾಗೇ ಉಳಿಯುತ್ತದೆ. ಅಯೋವಕ್ಕೆ ಇದು ಇನ್ನೂ ಕಷ್ಟ, ಅಲ್ಲಿ ಮೆಕ್ಕೆಜೋಳ ಕಟಾವಾಗುವ ಹೊತ್ತಿಗೆ ಚಳಿ ಬಾಗಿಲಲ್ಲಿರುತ್ತದೆ. ಹಾಗಾಗಿ ಅಲ್ಲಿ ನಿಂತ ಪೈರಿನ ಮೇಲೇ ವಿಮಾನದಿಂದ, ಈಚೆಗೆ ಡ್ರೋನಿನಿಂದ, ಬೀಜ ಚೆಲ್ಲುತ್ತಾರೆ. ಮಳೆ ಬಂದರೆ ಮೊಳೆಯುತ್ತದೆ, ಇಲ್ಲವಾದರೆ ಹಕ್ಕಿಗೆ ಹಬ್ಬ.

ಈಗ ಗಟ್ಟಿ ಆಕ್ಷೇಪ. ಕೊಳೆ ಮಾಡುವವನಿಗೇ ಕೊಳೆ ಮಾಡದಿರಲು ದುಡ್ಡು ಕೊಡುವುದು ಯಾವ ನೀತಿ? ಕಾರ್ಖಾನೆಯವನು ಹೊಳೆಗೆ ವಿಷ ಬಿಟ್ಟರೆ ದಂಡ ಹಾಕುತ್ತೇವೆ, ಅವನಿಗೆ ಪ್ರೋತ್ಸಾಹಧನ ಕೊಡುವುದಿಲ್ಲ. ಅಯೋವದ ರಾಜಧಾನಿ ದೆ ಮೊಯಿನ್‌ನ ನೀರು ಸರಬರಾಜು ಮಂಡಳಿ 2015ರಲ್ಲಿ ಇದೇ ಪ್ರಶ್ನೆ ಹಿಡಿದು ನ್ಯಾಯಾಲಯಕ್ಕೆ ಹೋಯಿತು. ಮೇಲಿನ ಮೂರು ಕೌಂಟಿಗಳಲ್ಲಿ ಬಸಿಕೊಳವೆಗಳ ಜಾಲ ನೋಡಿಕೊಳ್ಳುವ ಮಂಡಳಿಗಳ ಮೇಲೆ ಮೊಕದ್ದಮೆ ಹೂಡಿತು. ಕೊಳವೆಯ ಬಾಯಿಂದ ಬೀಳುವ ನೀರು ಕಾರ್ಖಾನೆಯ ಕೊಳವೆಯ ನೀರಿನಂತೆಯೇ, ಅದಕ್ಕೂ ಪರವಾನಗಿ ಬೇಕು ಎಂಬುದು ಅದರ ವಾದ. 2017ರಲ್ಲಿ ಕೇಂದ್ರ ನ್ಯಾಯಾಲಯ ಮೊಕದ್ದಮೆಯನ್ನು ವಜಾಮಾಡಿತು. ನೀರು ಕೆಟ್ಟಿಲ್ಲ ಎಂದು ಆ ತೀರ್ಪು ಹೇಳಲಿಲ್ಲ, ಆ ಮಂಡಳಿಗಳಿಗೆ ಅದನ್ನು ಸರಿಪಡಿಸುವ ಅಧಿಕಾರವೇ ಕಾನೂನಿನಲ್ಲಿ ಇಲ್ಲ ಎಂದಿತು. ಹೊಣೆ ಹೊರಲು ಯಾರೂ ಇಲ್ಲದಂತಾಯಿತು.

ಆಕ್ಷೇಪದಲ್ಲಿ ಹುರುಳಿದೆ ಎಂದು ಒಪ್ಪುತ್ತೇನೆ. ಡೆನ್ಮಾರ್ಕ್ ದಂಡದ ದಾರಿಯನ್ನೇ ಹಿಡಿದ ದೇಶ. ಅಲ್ಲಿ ಹೊಲದ ಶೇ. 10ರಿಂದ 14ರಷ್ಟು ಭಾಗದಲ್ಲಿ ಇಂಥ ಬೆಳೆ ಬೆಳೆಯುವುದು ಕಡ್ಡಾಯ, ಕೊಟ್ಟಿಗೆ ಗೊಬ್ಬರ ಎಷ್ಟು ಹಾಕುತ್ತೀರಿ ಎಂಬುದರ ಮೇಲೆ ಪ್ರಮಾಣ ನಿಗದಿ. ಸಣ್ಣ ದೇಶ, ಒಗ್ಗಟ್ಟಿನ ಸಹಕಾರ ಸಂಘಗಳು, ಸುತ್ತ ಸಮುದ್ರ. ಅಲ್ಲಿ ಅದು ನಡೆಯಿತು. ಆದರೆ ಕಾರ್ಖಾನೆಯ ಹೋಲಿಕೆ ಒಂದು ಕಡೆ ಮುರಿಯುತ್ತದೆ. ಕಾರ್ಖಾನೆ ತನ್ನ ಮಾಲಿನ ಬೆಲೆಯನ್ನು ತಾನು ಕಟ್ಟುತ್ತದೆ, ಶುದ್ಧೀಕರಣದ ಖರ್ಚನ್ನು ಅದರಲ್ಲಿ ಸೇರಿಸಿಕೊಳ್ಳುತ್ತದೆ. ಮೆಕ್ಕೆಜೋಳದ ಬೆಲೆ ಕಟ್ಟುವುದು ಷಿಕಾಗೊ ಪೇಟೆ. ಶೇ. 5 ಇಳುವರಿ ಕಳೆದುಕೊಂಡವನು ಅದನ್ನು ಯಾರ ಮೇಲೂ ಹೊರಿಸಲಾರ.

ಇನ್ನೊಂದು ಮಾತೂ ಇದೆ. ಖಾಲಿ ಚಳಿಗಾಲ ಆ ರೈತರ ಅಪ್ಪ ಅಜ್ಜಂದಿರ ಪದ್ಧತಿಯಾಗಿರಲಿಲ್ಲ. ಎರಡನೆಯ ಮಹಾಯುದ್ಧಕ್ಕೆ ಮೊದಲು ಅಯೋವದಲ್ಲಿ ಮೆಕ್ಕೆಜೋಳ, ಓಟ್ಸ್, ಕುದುರೆಮಸಾಲೆಯಂಥ ಮೇವಿನ ದ್ವಿದಳ ಸರದಿಯಲ್ಲಿ ಬರುತ್ತಿದ್ದವು, ಹೊಲದಲ್ಲಿ ದನ ಕುದುರೆ ಇದ್ದವು, ಬೇರು ನೆಲದಲ್ಲಿ ಇರುತ್ತಿತ್ತು. ಅಗ್ಗದ ಅಮೋನಿಯ ಬಂತು, ಟ್ರ್ಯಾಕ್ಟರ್ ಬಂತು, ಸರ್ಕಾರದ ಸಹಾಯಧನವೂ ವಿಮೆಯೂ ಎರಡೇ ಬೆಳೆಗೆ ಒಲಿದವು. ಸರದಿಯನ್ನು ಮುರಿದದ್ದು ಸಾರ್ವಜನಿಕ ನೀತಿ. ಸಂದನ್ನು ತುಂಬುವ ಖರ್ಚು ಮಾತ್ರ ರೈತನ ಖಾಸಗಿ ವಿಚಾರ ಎನ್ನುವುದು ನನಗೆ ಸರಿಕಾಣುವುದಿಲ್ಲ. ದಂಡವೂ ಇರಲಿ, ಕೂಲಿಯೂ ಇರಲಿ, ಆದರೆ ಕೂಲಿಯನ್ನು ಭಿಕ್ಷೆಯೆಂದು ಕರೆಯಬಾರದು.

ಕೂಲಿ ಕೊಡದಿದ್ದರೆ ಖರ್ಚು ಉಳಿಯುತ್ತದೆಯೇ? ಮಿಸಿಸಿಪ್ಪಿ ಮೆಕ್ಸಿಕೊ ಕೊಲ್ಲಿಗೆ ಸುರಿಯುವಲ್ಲಿ ಪ್ರತಿ ಬೇಸಿಗೆ ಆಮ್ಲಜನಕವಿಲ್ಲದ ಸತ್ತ ನೀರಿನ ವಲಯ ಹರಡುತ್ತದೆ. 2017ರಲ್ಲಿ ಅದು ಸುಮಾರು 22,700 ಚದರ ಕಿಲೋಮೀಟರ್ ಇತ್ತು, ಹೆಚ್ಚುಕಡಿಮೆ ನಮ್ಮ ಬೆಳಗಾವಿ, ವಿಜಯಪುರ ಜಿಲ್ಲೆಗಳನ್ನು ಕೂಡಿಸಿದಷ್ಟು. ಸಿಗಡಿ ಹಿಡಿಯುವವರು ಅದನ್ನು ದಾಟಿ ದೂರ ಹೋಗಬೇಕು, ಆ ಡೀಸೆಲ್ಲಿನ ಬಿಲ್ಲನ್ನು ಅಯೋವಕ್ಕೆ ಯಾರೂ ಕಳುಹಿಸುವುದಿಲ್ಲ. ದೆ ಮೊಯಿನ್ ನಗರ 1990ರ ದಶಕದ ಆರಂಭದಿಂದಲೇ ನೈಟ್ರೇಟ್ ತೆಗೆಯುವ ದೊಡ್ಡ ಘಟಕ ಇಟ್ಟುಕೊಂಡಿದೆ. ಅದನ್ನು ನಡೆಸಿದ ದಿನ ಹತ್ತು ಸಾವಿರ ಡಾಲರಿಗೂ ಹೆಚ್ಚು ಖರ್ಚು. 2025ರ ಜೂನಿನಲ್ಲಿ ಆ ಘಟಕವೂ ಸಾಲದೆ ಅಂಗಳದ ಹುಲ್ಲಿಗೆ ನೀರು ಹಾಯಿಸಬೇಡಿ ಎಂದು ಇಡೀ ನಗರಕ್ಕೆ ನಿಷೇಧ ಹೇರಬೇಕಾಯಿತು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಸಾರಜನಕ ಲೀಟರಿಗೆ 10 ಮಿಲಿಗ್ರಾಂ ದಾಟಬಾರದು ಎಂಬುದು ಅಲ್ಲಿನ ಮಿತಿ. ಮಿತಿ ದಾಟಿದ ನೀರು ಹಸುಗೂಸಿನ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನು ಕುಂದಿಸಬಲ್ಲದು.

ನಮ್ಮ ಮಿತಿಯೂ ಅದೇ. ನೈಟ್ರೇಟ್ ಎಂದೇ ಅಳೆಯುವುದರಿಂದ 45 ಮಿಲಿಗ್ರಾಂ ಎನ್ನುತ್ತೇವೆ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಆ ಮಿತಿ ಮೀರಿದ ರಾಜ್ಯಗಳ ಮುಂಚೂಣಿಯಲ್ಲಿ ರಾಜಸ್ಥಾನದ ಜೊತೆ ಕರ್ನಾಟಕ ನಿಂತಿದೆ. ನಮ್ಮ ಮಾದರಿಗಳಲ್ಲಿ ಅರ್ಧದ ಹತ್ತಿರ ಮಿತಿ ದಾಟಿದ್ದವು. ಚರಂಡಿ, ತಿಪ್ಪೆ, ಯೂರಿಯ, ಎಲ್ಲವೂ ಇದರಲ್ಲಿ ಪಾಲುದಾರರು.

ಹಾಗೆಂದು ಅಯೋವದ ರೈಯನ್ನು ತಂದು ಹಾವೇರಿಯಲ್ಲಿ ಬಿತ್ತಿ ಎನ್ನುವವರನ್ನು ಕಂಡರೆ ನನಗೆ ಭಯ. ನಮ್ಮಲ್ಲಿ 'ಮಾಗಿ ಉಳುಮೆ' ಎಂಬ ಮಾತೇ ಇದೆ. ಚಳಿಗಾಲದ ಹೊಲವನ್ನು ಮುಚ್ಚುವುದಲ್ಲ, ತೆರೆದು ಒಣಗಿಸುವುದು ನಮ್ಮ ಹಿರಿಯರ ವಿವೇಕ: ಹುಳದ ಕೋಶ ಬಿಸಿಲಿಗೆ ಬರಲಿ, ಕಳೆ ಸಾಯಲಿ, ಮುಂದಿನ ಮಳೆ ಒಳಗೆ ಇಳಿಯಲಿ ಎಂದು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಮಳೆ ಇಲ್ಲವೆಂದೇ ಹೇಳಬಹುದಾದ ನೆಲದಲ್ಲಿ ಯಾವ ಹೊದಿಕೆ ನಿಲ್ಲುತ್ತದೆ? ನಿಂತರೂ ಕೊಯ್ಲಾದ ಹೊಲ ಊರ ದನಕುರಿಗಳ ಹುಲ್ಲುಗಾವಲು, ಅದೂ ಒಂದು ಹಕ್ಕೇ. ವಿಜಯಪುರದ ಎರೆ ಹೊಲದಲ್ಲಂತೂ ಖಾಲಿ ಕಾಲ ಚಳಿಗಾಲವೇ ಅಲ್ಲ, ಮುಂಗಾರು. ಬಿಳಿಜೋಳಕ್ಕೆ ತೇವ ಕೂಡಿಡಲೆಂದು ಜೂನಿನಿಂದ ಸೆಪ್ಟೆಂಬರ್‌ವರೆಗೆ ಹೊಲವನ್ನು ಬರಿದಾಗಿ ಬಿಡುತ್ತಾರೆ, ಮಣ್ಣು ತೊಳೆದುಹೋಗುವುದೂ ಅದೇ ಮಳೆಯಲ್ಲಿ. ಮುಂಗಾರಿಗೆ ಸೆಣಬು ಬಿತ್ತಿ ಎಳೆಯದಾಗಿರುವಾಗಲೇ ಮಣ್ಣಿಗೆ ಸೇರಿಸಿ, ಆಮೇಲೆ ಹಿಂಗಾರಿ ಜೋಳ ಬಿತ್ತುವವರು ಇದ್ದಾರೆ. ಒಳ್ಳೆಯ ಮಳೆಯ ವರ್ಷ ಅವರು ಜಾಣರು, ಮಳೆ ಕೈಕೊಟ್ಟ ವರ್ಷ ಸೆಣಬು ಕುಡಿದ ತೇವ ಜೋಳಕ್ಕೆ ಸಿಗುವುದಿಲ್ಲ. ಅಯೋವದ ರೈತ ಹಿಂದೇಟು ಹಾಕುವುದು ಇದೇ ಕಾರಣಕ್ಕೆ.

ಹೊದಿಕೆ ಸಲೀಸಾಗಿ ನಡೆಯುವುದು ಕರಾವಳಿಯಲ್ಲಿ. ಮಳೆಗಾಲದ ಏಣೆಲು ಭತ್ತ ಕೊಯ್ದ ಗದ್ದೆಯ ಉಳಿದ ತೇವದಲ್ಲಿ ಉದ್ದು, ಹೆಸರು ಚೆಲ್ಲುತ್ತಾರೆ. ಗದ್ದೆ ಮುಚ್ಚಿರುತ್ತದೆ, ಗಂಟುಬೇರು ಸಾರಜನಕ ಬಿಡುತ್ತದೆ, ಮನೆಗೆ ದೋಸೆಯ ಉದ್ದೂ ಬರುತ್ತದೆ. ಇದಕ್ಕೆ ಯಾರೂ ಕೂಲಿ ಕೊಡಬೇಕಾಗಿಲ್ಲ, ಕೊಯ್ಯುವ ಬೆಳೆ ತನ್ನ ಕೂಲಿಯನ್ನು ತಾನೇ ದುಡಿಯುತ್ತದೆ.

ದುಡಿಯದ ಕಡೆ ಏನು? ಹಾವೇರಿ, ದಾವಣಗೆರೆಯ ಕೆಂಪು ಇಳಿಜಾರುಗಳಲ್ಲಿ ಮೆಕ್ಕೆಜೋಳದ ಸಾಲಿನ ನಡುವೆ ಸೆಪ್ಟೆಂಬರಿನಲ್ಲೇ ಹುರುಳಿಯೋ ಅವರೆಯೋ ಬಿತ್ತಿ, ದಂಟನ್ನು ಸುಡದೆ ಹೊಲದಲ್ಲೇ ಬಿಟ್ಟರೆ, ಮೇ ಜೂನಿನ ಮೊದಲ ದಪ್ಪ ಮಳೆಗೆ ಅಷ್ಟು ಮಣ್ಣು ಹೋಗುವುದಿಲ್ಲ. ರೈತನಿಗೆ ಅದರಿಂದ ಸಿಗುವುದು ಒಂದೆರಡು ಚೀಲ ಹುರುಳಿ, ಅದೂ ದನ ಬಿಟ್ಟರೆ. ಹೋಗುವ ಮಣ್ಣು ಸೇರುವುದು ತುಂಗಭದ್ರಾ ಜಲಾಶಯವನ್ನು. 1953ರಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಅಣೆಕಟ್ಟು ಹೂಳು ತುಂಬಿ ಈಗ 105ರ ಆಸುಪಾಸಿಗೆ ಬಂದಿದೆ. ಹೂಳೆಲ್ಲ ಮೆಕ್ಕೆಜೋಳದ್ದಲ್ಲ, ಕಾಡು ಕಡಿದದ್ದೂ ಗಣಿ ಅಗೆದದ್ದೂ ಅದರಲ್ಲಿವೆ. ಆದರೆ ಆ ಇಪ್ಪತ್ತೆಂಟು ಟಿಎಂಸಿಯನ್ನು ಕಳೆದುಕೊಂಡವರು ಕೊಪ್ಪಳ, ರಾಯಚೂರು, ಬಳ್ಳಾರಿಯ ಕಾಲುವೆಯ ಕೊನೆಯ ರೈತರು. ಅವರಿಗಾಗಿ ನವಲಿಯಲ್ಲಿ ಸಾವಿರಾರು ಕೋಟಿ ರೂಪಾಯಿಯ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾಪ ವರ್ಷಗಳಿಂದ ಕಡತದಲ್ಲಿದೆ. ಹಾವೇರಿಯ ಹೊಲಕ್ಕೆ ಬೇಕಾದ ಹುರುಳಿ ಬೀಜದ ಚೀಲದ ಬೆಲೆಯನ್ನು ಆ ಮೊತ್ತದ ಪಕ್ಕದಲ್ಲಿ ಬರೆದು ನೋಡಿದವರನ್ನು ನಾನಿನ್ನೂ ಕಂಡಿಲ್ಲ.